ಗುಂಡು ಹಾರದ ಬಂದೂಕಿನ ಡಾಕ್ಟರು

ಚಳಿಗಾಲ ಬಂತೆಂದರೆ ಕೆರೆ ಏರಿಗಳ ಮೇಲೆ ಒಂದು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹೋಗುವವರು ಕಿಟಕಿಯಿಂದ ಇವರನ್ನು ನೋಡಿಯೇ ಇರುತ್ತೀರಿ. ಮಣ್ಣು ಬಣ್ಣದ ಅಂಗಿ, ತಲೆಗೊಂದು ಟೋಪಿ, ಕೈಯಲ್ಲಿ ಮೊಳದುದ್ದದ ಲೆನ್ಸು. ಹಾರುವ ಹಕ್ಕಿಯ ಫೋಟೋ ತೆಗೆಯೋರು ಇವರು. ಆ ಲೆನ್ಸು ಸುಮ್ಮನೆ ನೋಡೋದಕ್ಕೆ ಚೆಂದ, ಹಿಡಿದವರಿಗೆ ಗೊತ್ತು ಕಷ್ಟ. ಎರಡು ಮೂರು ಕಿಲೋ ತೂಕದ ಸಾಮಾನನ್ನು ಮುಖದ ಎದುರು ಎತ್ತಿ ಹಿಡಿದು ಐದು ನಿಮಿಷ ನಿಂತು ನೋಡಿ, ತೋಳು ತಾನಾಗಿಯೇ ತಾಳ ಹಾಕಲು ಶುರು ಮಾಡುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಇಡೋಣ ಅಂದರೆ ಹಕ್ಕಿ ಸ್ಟ್ಯಾಂಡಿನ ಮಾತು ಕೇಳೋದಿಲ್ಲ. ಅದು ತಲೆ ಮೇಲೆ ಹಾರಿ ಬೆನ್ನ ಹಿಂದೆ ಹೋಗಿರುತ್ತದೆ.

ಹೀಗಾಗಿ ಕೆಲವರು ಮನೆಯಲ್ಲೇ ಏನಾದರೂ ಒಂದು ಉಪಾಯ ಕಟ್ಟಿಕೊಂಡು ಬರುತ್ತಾರೆ. ಬಡಗಿಯ ಹತ್ತಿರ ಕೊಯ್ಸಿದ ಮರದ ಹಿಡಿ, ಸೊಂಟದ ಪಟ್ಟಿಗೆ ಹೊಲಿಸಿದ ಚರ್ಮದ ಚೀಲ, ಅಲ್ಯೂಮಿನಿಯಂ ಕೊಳವೆ ಬಗ್ಗಿಸಿ ಮಾಡಿದ ಹೆಗಲ ಕೊಕ್ಕೆ. ದೂರದಿಂದ ನೋಡಿದರೆ ಬೇಟೆಗೆ ಹೊರಟ ಆಸಾಮಿಗಳಂತೆಯೇ ಕಾಣುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಉದ್ದ ಲೆನ್ಸನ್ನು ಹೆಗಲಿಗೆ ಒತ್ತಿ ಹಿಡಿದು ಹಾರುವ ಹಕ್ಕಿಯ ಸಾಲು ಸಾಲು ಚಿತ್ರ ತೆಗೆದ ಮಹಾನುಭಾವ ಅದನ್ನು ಮಾಡಿದ್ದೇ ಬಂದೂಕಿನ ಆಕಾರದಲ್ಲಿ. ಅದು 1882ರ ಮಾತು. ಆತ ಫೋಟೋಗ್ರಾಫರ್ ಅಲ್ಲ, ಬೇಟೆಗಾರನೂ ಅಲ್ಲ. ನಾಡಿ ನೋಡುವ ಡಾಕ್ಟರು. ಇವತ್ತು ನಾವು ಟಾಕೀಸಿಗೆ ಹೋಗಿ ಕೂರುವುದಕ್ಕೂ ಆಕಾಶದಲ್ಲಿ ವಿಮಾನ ಹಾರುವುದಕ್ಕೂ ಆತನ ಋಣ ಸ್ವಲ್ಪ ಇದೆ. ಆತನ ಕತೆ ಕೇಳುವಂಥದ್ದು.

ಮಂಡಿ ನೌಕರನ ಮಗ

ಹೆಸರು ಎತಿಯೆನ್ ಜೂಲ್ ಮಾರೇ. ಕರಾವಳಿ ಕಡೆಯ ಮಿತ್ರರು ಮಾತುಮಾತಿಗೆ ಸೇರಿಸುವ ಮಾರ್ರೆಗೂ ಇದಕ್ಕೂ ಸಂಬಂಧ ಇಲ್ಲ. ಇದು ಅಪ್ಪಟ ಫ್ರೆಂಚ್ ಹೆಸರು. ಹುಟ್ಟಿದ್ದು 1830ರ ಮಾರ್ಚ್ 5ರಂದು, ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಎಂಬ ಪಟ್ಟಣದಲ್ಲಿ. ದ್ರಾಕ್ಷಾರಸದ ವ್ಯಾಪಾರಕ್ಕೆ ಹೆಸರಾದ ಊರು ಅದು. ತಂದೆ ಅಂಥದೇ ಒಂದು ಮಂಡಿಯಲ್ಲಿ ಕೆಲಸಕ್ಕಿದ್ದವರು. ಹುಡುಗನಿಗೆ ಚಿಕ್ಕಂದಿನಿಂದ ಕೈಕೆಲಸದ ಹುಚ್ಚು. ಕೈಗೆ ಸಿಕ್ಕಿದ್ದರಲ್ಲಿ ಏನಾದರೊಂದು ಯಂತ್ರ ಮಾಡಬೇಕು. ಇಂಜಿನಿಯರ್ ಆಗಬೇಕು ಅನ್ನೋದು ಅವನ ಆಸೆ. ಅಪ್ಪನಿಗೆ ಮಗ ಡಾಕ್ಟರ್ ಆಗಬೇಕು. ಯಾವ ದೇಶದಲ್ಲಾದರೂ ಇದು ಇದ್ದದ್ದೇ ಅಲ್ಲವೆ? ಕೊನೆಗೆ ಅಪ್ಪನ ಮಾತೇ ಗೆದ್ದಿತು. 1849ರಲ್ಲಿ ಮಾರೇ ವೈದ್ಯ ಓದಲು ಪ್ಯಾರಿಸ್ಸಿಗೆ ಹೋದ.

ಆದರೆ ಕೈ ಸುಮ್ಮನಿರಬೇಕಲ್ಲ. ರಕ್ತ ಮೈಯಲ್ಲಿ ಹರಿಯುವ ಬಗೆಯ ಮೇಲೆ 1859ರಲ್ಲಿ ಪ್ರಬಂಧ ಬರೆದು ಡಾಕ್ಟರ್ ಆದ. ಮರುವರ್ಷವೇ ಒಂದು ಯಂತ್ರ ಮಾಡಿದ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರ. ಅದರೊಳಗಿನ ಸ್ಪ್ರಿಂಗು ನಾಡಿಯ ಮೇಲೆ ಕೂರುತ್ತದೆ. ನಾಡಿ ಮಿಡಿದಾಗ ಸ್ಪ್ರಿಂಗು ಏಳುತ್ತದೆ, ಅದಕ್ಕೆ ಸೇರಿಸಿದ ಉದ್ದ ಕಡ್ಡಿ ಹೊಗೆ ಹಿಡಿಸಿದ ಕಪ್ಪು ಕಾಗದದ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ಅಲ್ಲಿಯವರೆಗೆ ಡಾಕ್ಟರುಗಳು ಬೆರಳಿಟ್ಟು ನಾಡಿ ನೋಡಿ ತಮಗೆ ತೋಚಿದಂತೆ ಹೇಳುತ್ತಿದ್ದರು. ಒಬ್ಬರಿಗೆ ಜೋರು ಅನಿಸಿದ್ದು ಇನ್ನೊಬ್ಬರಿಗೆ ಮಂದ. ಈಗ ರೋಗಿಯ ನಾಡಿ ತನ್ನ ಸಹಿ ತಾನೇ ಹಾಕುವ ಕಾಲ ಬಂತು. ಇಂದು ಆಸ್ಪತ್ರೆಯಲ್ಲಿ ಎದೆಗೆ ವೈರು ಹಚ್ಚಿ ತೆಗೆಯುವ ಪಟ್ಟಿಯ ಅಂಕುಡೊಂಕು ಗೆರೆ ನೋಡುತ್ತೇವಲ್ಲ, ಅದರ ಯಂತ್ರ ಬೇರೆ, ಆದರೆ ದೇಹದ ಸದ್ದನ್ನು ಕಾಗದದ ಮೇಲೆ ಗೆರೆ ಮಾಡುವ ಪದ್ಧತಿಯನ್ನು ಊರ್ಜಿತಗೊಳಿಸಿದವರಲ್ಲಿ ಈತ ಮುಖ್ಯ.

ಈ ನಾಡಿ ಯಂತ್ರದಲ್ಲೇ ಆತನ ಇಡೀ ಬಾಳಿನ ಸೂತ್ರ ಇದೆ. ಕಣ್ಣು ಕಿವಿಗಳ ಮೇಲೆ ಆತನಿಗೆ ನಂಬಿಕೆ ಕಡಿಮೆ. ಚಲಿಸುವ ವಸ್ತು ತನ್ನ ಚಲನೆಯನ್ನು ತಾನೇ ಬರೆದು ಕೊಡಬೇಕು, ನಾವು ಓದಬೇಕು, ಇಷ್ಟೇ ಆತನ ಹಟ. 1860ರ ದಶಕದಲ್ಲಿ ಶೋವೋ ಎಂಬ ಪಶುವೈದ್ಯ ಪಂಡಿತನ ಜೊತೆ ಸೇರಿ ಜೀವಂತ ಕುದುರೆಯ ಹೃದಯದೊಳಕ್ಕೇ ನಳಿಕೆ ಇಳಿಸಿ ಅದರ ಬಡಿತವನ್ನು ಬರೆಸಿದ. 1864ರಲ್ಲಿ ಪ್ಯಾರಿಸ್ಸಿನ ಒಂದು ಹಳೆಯ ನಾಟಕಶಾಲೆಯ ಕಟ್ಟಡದಲ್ಲಿ ಬಾಡಿಗೆಗೆ ಜಾಗ ಹಿಡಿದು ಸ್ವಂತ ಪ್ರಯೋಗಶಾಲೆ ತೆರೆದ. 1869ರ ಹೊತ್ತಿಗೆ ಫ್ರಾನ್ಸಿನ ದೊಡ್ಡ ವಿದ್ಯಾಸಂಸ್ಥೆಯಾದ ಕೊಲೇಜ್ ದ ಫ್ರಾನ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ.

ಕುದುರೆಗೆ ಬೂಟು, ಪಾರಿವಾಳಕ್ಕೆ ಜಾಕೀಟು

ಒಳಗಿನ ಚಲನೆ ಆಯಿತು, ಹೊರಗಿನ ಚಲನೆ ನೋಡೋಣ ಅಂತ ಮಾರೇ ಕುದುರೆಯ ಕಾಲಿಗೆ ಬಂದ. ಕುದುರೆ ನಾಗಾಲೋಟದಲ್ಲಿ ಓಡುವಾಗ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆಯೇ ಇಲ್ಲವೇ ಅನ್ನೋದು ಆಗಿನ ಕಾಲದ ದೊಡ್ಡ ಜಗಳ. ಕಣ್ಣಿಗೆ ಸಿಗದ ವೇಗ ಅದು. ಮಾರೇ ಏನು ಮಾಡಿದ? ಕುದುರೆಯ ಗೊರಸುಗಳಿಗೆ ರಬ್ಬರಿನ ಗಾಳಿಚೀಲದ ಬೂಟು ತೊಡಿಸಿದ. ಕಾಲು ನೆಲಕ್ಕೆ ತಾಗಿದಾಗ ಗಾಳಿ ಒತ್ತಿಕೊಂಡು ಕೊಳವೆಯ ಮೂಲಕ ಮೇಲೆ ಬರುತ್ತದೆ, ಸವಾರನ ಕೈಯಲ್ಲಿದ್ದ ಯಂತ್ರದಲ್ಲಿ ಗೆರೆ ಬೀಳುತ್ತದೆ. ಗೆರೆ ನೋಡಿದರೆ ಉತ್ತರ ಸ್ಪಷ್ಟ. ನಾಲ್ಕೂ ಕಾಲು ಗಾಳಿಯಲ್ಲಿರುವ ಗಳಿಗೆ ಇದ್ದೇ ಇದೆ. 1873ರಲ್ಲಿ ಬಂದ ಪ್ರಾಣಿಯಂತ್ರದ ಬಗೆಗಿನ ಆತನ ಪುಸ್ತಕದಲ್ಲಿ ಇದೆಲ್ಲ ಇದೆ.

ಕುದುರೆಯದು ಆಯಿತು, ಹಕ್ಕಿಯದು? ಪಾರಿವಾಳಕ್ಕೆ ಒಂದು ಜಾಕೀಟು ಹೊಲಿಸಿ ತೊಡಿಸಿ, ಅದಕ್ಕೆ ತಂತಿ ಕೊಳವೆ ಕಟ್ಟಿ ಕೋಣೆಯೊಳಗೆ ಹಾರಿಸಿದ. ಗೆರೆಗಳು ಬಂದವು, ಸಂತೋಷವೇ. ಆದರೆ ಮೈತುಂಬಾ ತಂತಿ ಕಟ್ಟಿಸಿಕೊಂಡ ಹಕ್ಕಿ ಹಾರುವುದು ಹಾರಾಟವೇ? ಮದುವೆ ಗಂಡಿಗೆ ಪೇಟ ಬಾಸಿಂಗ ಎಲ್ಲ ಕಟ್ಟಿ ಓಟದ ಪಂದ್ಯಕ್ಕೆ ಬಿಟ್ಟ ಹಾಗೆ. ಹಕ್ಕಿಯನ್ನು ಮುಟ್ಟದೆ, ಕಟ್ಟದೆ, ಅದರ ಪಾಡಿಗೆ ಅದು ಸಮುದ್ರದ ಮೇಲೆ ಹಾರುತ್ತಿರುವಾಗಲೇ ರೆಕ್ಕೆಯ ಲೆಕ್ಕ ಹಿಡಿಯಬೇಕು. ಇದು ಮಾರೇಗೆ ಹತ್ತಿದ ಹೊಸ ಹುಳ.

ಅಷ್ಟರಲ್ಲಿ ಅಮೆರಿಕದಿಂದ ಒಂದು ಸುದ್ದಿ. ಕ್ಯಾಲಿಫೋರ್ನಿಯಾದ ಶ್ರೀಮಂತ ಲೇಲಂಡ್ ಸ್ಟ್ಯಾನ್‌ಫರ್ಡ್ ಕುದುರೆ ಸಾಕುತ್ತಿದ್ದವ. ಅವನು ಮೈಬ್ರಿಜ್ ಎಂಬ ಫೋಟೋಗ್ರಾಫರ್‌ಗೆ ದುಡ್ಡು ಕೊಟ್ಟು ಓಡುವ ಕುದುರೆಯ ಚಿತ್ರ ತೆಗೆಸಿದ್ದ. 1878ರಲ್ಲಿ ಪಂದ್ಯದ ಹಾದಿಯ ಪಕ್ಕ 12 ಕ್ಯಾಮೆರಾ ಸಾಲಾಗಿಟ್ಟು, ಹಾದಿಗೆ ಅಡ್ಡ ದಾರ ಕಟ್ಟಿ, ಕುದುರೆ ದಾರ ಕಡಿದುಕೊಂಡು ಹೋದ ಹಾಗೆಲ್ಲ ಒಂದೊಂದು ಕ್ಯಾಮೆರಾ ಕಣ್ಣು ಬಿಡುವ ಏರ್ಪಾಡು. ಆ ಚಿತ್ರಗಳು ವರ್ಷದ ಕೊನೆಗೆ ಪ್ಯಾರಿಸ್ಸಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು. ನೋಡಿದ ಮಾರೇ ಕುಣಿದಾಡದಿದ್ದರೆ ಹೆಚ್ಚು. ಕೂಡಲೇ ಪತ್ರಿಕೆಯ ಸಂಪಾದಕನಿಗೆ ಕಾಗದ ಬರೆದು, ಆ ಫೋಟೋಗ್ರಾಫರ್ ಜೊತೆ ತನಗೆ ಸಂಪರ್ಕ ಮಾಡಿಸಿಕೊಡಿ ಎಂದು ಕೇಳಿಕೊಂಡ. ಹಕ್ಕಿಗಳಿಗೆ ಗುರಿಯಿಡುವ ಫೋಟೋ ಬಂದೂಕಿನ ಕನಸು ತನಗಿದೆ ಎಂಬುದನ್ನೂ ಅದೇ ಕಾಗದದಲ್ಲಿ ತಿಳಿಸಿದ.

1881ರಲ್ಲಿ ಮೈಬ್ರಿಜ್ ಪ್ಯಾರಿಸ್ಸಿಗೆ ಬಂದ. ಮಾರೇ ತನ್ನ ಮನೆಯಲ್ಲೇ ಪಂಡಿತರನ್ನೆಲ್ಲ ಸೇರಿಸಿ ಸತ್ಕಾರ ಮಾಡಿದ. ಆದರೆ ಹಕ್ಕಿಗಳ ಚಿತ್ರ ಮಾತ್ರ ಮಾರೇಗೆ ಬೇಕಾದ ಹಾಗೆ ಬಂದಿರಲಿಲ್ಲ. ತಪ್ಪು ಯಾರದೂ ಅಲ್ಲ. ಕುದುರೆಯಾದರೆ ಹಾದಿ ಬಿಟ್ಟು ಹೋಗದು, ದಾರ ಕಡಿಯುತ್ತದೆ. ಹಕ್ಕಿಗೆ ಯಾವ ಹಾದಿ, ಯಾವ ದಾರ? ಕ್ಯಾಮೆರಾಗಳ ಸಾಲಿನ ಎದುರು ಹಕ್ಕಿ ಬರೋದಿಲ್ಲ. ಹಕ್ಕಿಯ ಹಿಂದೆ ಕ್ಯಾಮೆರಾವೇ ತಿರುಗಬೇಕು. ತಿರುಗಿಸುವುದು ಹೇಗೆ? ಇದಕ್ಕೆ ಉತ್ತರ ಯಾವ ಪ್ರಯೋಗಶಾಲೆಯಲ್ಲೂ ಇರಲಿಲ್ಲ. ಶತಮಾನಗಳಿಂದ ಬೇಟೆಗಾರರ ಹೆಗಲ ಮೇಲೆ ಇತ್ತು.

ನೇಪಲ್ಸಿನ ಹುಚ್ಚ

ಮಾರೇಗೆ ಇಟಲಿಯ ನೇಪಲ್ಸ್ ಪಕ್ಕದ ಪೊಸಿಲ್ಲಿಪೊ ಎಂಬಲ್ಲಿ ಸಮುದ್ರದಂಚಿಗೆ ಒಂದು ಮನೆ ಇತ್ತು. ಚಳಿಗಾಲ ಬಂದರೆ ಪ್ಯಾರಿಸ್ ಬಿಟ್ಟು ಅಲ್ಲಿಗೆ ಹೋಗುವುದು ವಾಡಿಕೆ. 1882ರ ಆರಂಭದಲ್ಲಿ ಅಲ್ಲಿನ ಜನ ಒಂದು ಸೋಜಿಗ ಕಂಡರು. ಐವತ್ತು ದಾಟಿದ ಗಡ್ಡದ ಸಾಹೇಬರೊಬ್ಬರು ದಪ್ಪ ನಳಿಗೆಯ ವಿಚಿತ್ರ ಬಂದೂಕು ಹಿಡಿದು ದಡದಲ್ಲಿ ಅಲೆದಾಡುತ್ತಾರೆ. ಕಡಲಹಕ್ಕಿ ಬಂದರೆ ಹೆಗಲಿಗೇರಿಸಿ ಗುರಿ ಹಿಡಿಯುತ್ತಾರೆ, ಟ್ರಿಗರ್ ಎಳೆಯುತ್ತಾರೆ. ಢಂ ಅನ್ನುವುದಿಲ್ಲ. ಹೊಗೆ ಇಲ್ಲ. ಹಕ್ಕಿ ಬೀಳುವುದಿಲ್ಲ. ಸಂಜೆಗೆ ಬರಿಗೈಯಲ್ಲಿ ಮನೆಗೆ ಹೋಗುವಾಗ ಮುಖ ಮಾತ್ರ ಅರಳಿರುತ್ತದೆ! ಊರಿನವರು ಈತನಿಗೆ ಪೊಸಿಲ್ಲಿಪೊದ ಹುಚ್ಚ ಅಂತ ಹೆಸರಿಟ್ಟರಂತೆ. ಇಡದೆ ಇರುತ್ತಾರೆಯೇ? ನಮ್ಮೂರಲ್ಲಾದರೂ ಅಷ್ಟೇ.

ಅದೇ ಫೆಬ್ರವರಿಯಲ್ಲಿ ಮಾರೇ ಊರಲ್ಲಿದ್ದ ತಾಯಿಗೆ ಕಾಗದ ಬರೆದು, ತನ್ನ ಬಳಿ ಒಂದು ಬಂದೂಕಿದೆ, ಅದಕ್ಕೆ ಕೊಲ್ಲುವ ಗುಣ ಸ್ವಲ್ಪವೂ ಇಲ್ಲ ಎಂದು ಖುಷಿಯಿಂದ ತಿಳಿಸಿದ. ಅರ್ಧ ಶತಮಾನ ಬದುಕಿದ ದೊಡ್ಡ ಪ್ರೊಫೆಸರ್ ಹೊಸ ಆಟಿಕೆ ಸಿಕ್ಕ ಹುಡುಗನಂತೆ ಅಮ್ಮನಿಗೆ ಬರೆಯುವುದು ನೋಡಿ!

ಆ ಬಂದೂಕಿನ ಒಳಗೆ ಏನಿತ್ತು ಅಂತ ಹೇಳಬೇಕು. ಗುಂಡು ಹೋಗುವ ನಳಿಗೆಯ ಜಾಗದಲ್ಲಿ ದೂರದ್ದನ್ನು ಹತ್ತಿರಕ್ಕೆ ತರುವ ಉದ್ದ ಲೆನ್ಸು. ನಳಿಗೆಯನ್ನು ಉದ್ದ ಗಿಡ್ಡ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮದ್ದು ತುಂಬುವ ಜಾಗದಲ್ಲಿ ಡಬ್ಬಿಯಂಥ ದುಂಡನೆ ಪೆಟ್ಟಿಗೆ, ಅದರಲ್ಲಿ ಗಡಿಯಾರದಂತೆ ಕೀಲಿ ಕೊಡುವ ಯಂತ್ರ. ಅದರೊಳಗೆ ಔಷಧಿ ಬಳಿದ ಗಾಜಿನ ಪ್ಲೇಟು. ಟ್ರಿಗರ್ ಎಳೆದ ಕೂಡಲೇ ಪ್ಲೇಟು ತಿರುಗುತ್ತದೆ, ಆದರೆ ಒಂದೇ ಸಮನೆ ಅಲ್ಲ. ಒಂದು ಸೆಕೆಂಡಿಗೆ 12 ಸಲ ನಿಂತು ನಿಂತು ತಿರುಗುತ್ತದೆ. ನಿಂತಾಗಲೆಲ್ಲ ಸೀಳು ಇರುವ ಇನ್ನೊಂದು ತಟ್ಟೆ ಮುಂದೆ ಹಾದು, ಸೆಕೆಂಡಿನ 720ನೇ ಒಂದು ಭಾಗ ಮಾತ್ರ ಬೆಳಕು ಬಿಡುತ್ತದೆ. ಒಂದು ಪ್ಲೇಟಿನ ಅಂಚಿನಲ್ಲಿ ಸುತ್ತಲೂ 12 ಚಿತ್ರ. ಮುಗಿದ ಮೇಲೆ ಇನ್ನೊಂದು ಪ್ಲೇಟು ಹಾಕಲು 25 ಪ್ಲೇಟು ಹಿಡಿಸುವ ಬೇರೆ ಡಬ್ಬಿ. ಬೇಟೆಗಾರ ತೋಟಾ ಚೀಲ ಒಯ್ಯುವ ಹಾಗೆ ಈತ ಪ್ಲೇಟಿನ ಡಬ್ಬಿ ಒಯ್ಯುತ್ತಿದ್ದ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ಈತನ ತಲೆಯಿಂದಲೇ ಬಂದದ್ದಲ್ಲ. ಪಿಸ್ತೂಲಿನ ಆಕಾರದ ಕ್ಯಾಮೆರಾಗಳು ಮುಂಚೆಯೂ ಇದ್ದವು. ತಿರುಗುವ ಪ್ಲೇಟಿನ ಉಪಾಯ ಜಾನ್ಸೆನ್ ಎಂಬ ಫ್ರೆಂಚ್ ಜ್ಯೋತಿರ್ವಿಜ್ಞಾನಿಯದು. 1868ರ ಸೂರ್ಯಗ್ರಹಣ ನೋಡಲು ನಮ್ಮ ಗುಂಟೂರಿಗೆ ಬಂದಿದ್ದನಲ್ಲ, ಅದೇ ಜಾನ್ಸೆನ್. 1874ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ಹಿಡಿಯಲು ಫೋಟೋ ರಿವಾಲ್ವರ್ ಮಾಡಿಕೊಂಡು ಜಪಾನಿಗೆ ಹೋಗಿದ್ದ. ಆದರೆ ಅದು 72 ಸೆಕೆಂಡಿಗೆ 48 ಚಿತ್ರ ತೆಗೆಯುವ ನಿಧಾನದ ಯಂತ್ರ, ನೆಲದ ಮೇಲೆ ಸ್ಥಿರವಾಗಿ ನಿಲ್ಲಿಸುವಂಥದ್ದು. ಶುಕ್ರನಿಗೆ ಅವಸರ ಇಲ್ಲ, ಹಕ್ಕಿಗೆ ಇದೆ. ಬೆಳಕಿಗೆ ಬೇಗ ಒಲಿಯುವ ಒಣ ಪ್ಲೇಟುಗಳು ಆಗತಾನೇ ಬಳಕೆಗೆ ಬಂದಿದ್ದವು. ಮಾರೇ ಎರಡನ್ನೂ ಸೇರಿಸಿ, ಹಿಂದಕ್ಕೆ ಬಂದೂಕಿನ ಮರ ಜೋಡಿಸಿ ಹೆಗಲಿಗೆ ಕೊಟ್ಟ.

ಫಲ ಏನು ಬಂತು? ಕಡಲಹಕ್ಕಿ ಸೆಕೆಂಡಿಗೆ ಮೂರು ಸಲ ರೆಕ್ಕೆ ಬಡಿಯುತ್ತಿತ್ತು. 12 ಚಿತ್ರ ಅಂದರೆ ಒಂದು ಬಡಿತಕ್ಕೆ ನಾಲ್ಕು ಭಂಗಿ. ರೆಕ್ಕೆ ಮೇಲೆದ್ದದ್ದು, ಕೆಳಗಿಳಿಯುತ್ತಿರುವುದು, ಪೂರ್ತಿ ಕೆಳಗೆ ಬಂದದ್ದು, ಮತ್ತೆ ಏಳುತ್ತಿರುವುದು. ಯಾರ ಕಣ್ಣಿಗೂ ಬಿಡಿಯಾಗಿ ಸಿಗದಿದ್ದ ಭಂಗಿಗಳು ಗಾಜಿನ ಮೇಲೆ ಸಾಲಾಗಿ ಕೂತಿದ್ದವು. ಹಕ್ಕಿ ತನ್ನ ಪಾಡಿಗೆ ಹಾರಿಹೋಗಿತ್ತು.

ಹೆಗಲೇ ಯಾಕೆ?

ಹೆಗಲ ಗುಟ್ಟು ನಾಡಿ ಡಾಕ್ಟರಿಗೆ ಗೊತ್ತಿಲ್ಲದ್ದೇನಲ್ಲ. ಮನುಷ್ಯನ ಕೈ ಎಂದೂ ಪೂರ್ತಿ ಸ್ಥಿರ ಇರದು. ಎದೆ ಬಡಿತ ಒಂದು ಕಡೆ, ಉಸಿರಾಟ ಒಂದು ಕಡೆ, ಸ್ನಾಯುಗಳ ಸಣ್ಣ ನಡುಕ ಇನ್ನೊಂದು ಕಡೆ. ಹತ್ತಿರದ ಚಿತ್ರಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಲೆನ್ಸು ದೂರದ ಹಕ್ಕಿಯನ್ನು ಹತ್ತು ಪಾಲು ದೊಡ್ಡದು ಮಾಡಿದರೆ ಕೈ ನಡುಕವನ್ನೂ ಹತ್ತು ಪಾಲು ದೊಡ್ಡದು ಮಾಡುತ್ತದೆ. ಹಕ್ಕಿ ಹೋಗಿ ಮಸಿ ಮೆತ್ತಿದಂತಾಗುತ್ತದೆ. ಫೋಟೋದವರಲ್ಲಿ ಇದಕ್ಕೊಂದು ಹಳೆಯ ಲೆಕ್ಕ ಇದೆ. 300 ಮಿಲಿಮೀಟರ್ ಲೆನ್ಸನ್ನು ಕೈಯಲ್ಲಿ ಹಿಡಿದರೆ ಶಟರ್ ವೇಗ ಸೆಕೆಂಡಿನ 300ನೇ ಒಂದು ಭಾಗಕ್ಕಿಂತ ನಿಧಾನ ಇರಬಾರದು. ಲೆನ್ಸು ಉದ್ದವಾದಷ್ಟೂ ವೇಗ ಹೆಚ್ಚಬೇಕು.

ಬಂದೂಕಿನ ಮರ ಮಾಡುವ ಕೆಲಸ ಏನೆಂದರೆ, ತೋಳಿನ ತುದಿಯಲ್ಲಿ ತೂಗುತ್ತಿದ್ದ ಭಾರವನ್ನು ಮೈಗೆ ತಂದು ಕೂರಿಸುವುದು. ಎಡಗೈ ಮುಂದೆ ಲೆನ್ಸಿನ ಕೆಳಗೆ, ಬಲಗೈ ಟ್ರಿಗರಿಗೆ, ಹಿಂದಿನ ಮರ ಹೆಗಲ ಗುಳಿಗೆ, ಕೆನ್ನೆ ಮರಕ್ಕೆ. ನಾಲ್ಕು ಕಡೆ ಆಧಾರ. ಆಮೇಲೆ ಹಕ್ಕಿ ಎತ್ತ ಹೋದರೂ ಕೈ ತಿರುಗಿಸಬೇಕಾಗಿಲ್ಲ, ಸೊಂಟದಿಂದ ಮೇಲಿನ ಮೈ ಪೂರ್ತಿ ಒಂದಾಗಿ ತಿರುಗುತ್ತದೆ. ನಮ್ಮ ಹೆಣ್ಣುಮಕ್ಕಳು ತುಂಬಿದ ಕೊಡವನ್ನು ಕೈಯಲ್ಲಿ ನೇತಾಡಿಸಿಕೊಂಡು ಬರೋದಿಲ್ಲ, ಸೊಂಟಕ್ಕೆ ಇಡುತ್ತಾರೆ. ಮಂಡಿಯ ಹಮಾಲಿ ಮೂಟೆಯನ್ನು ತೋಳಿನಲ್ಲಿ ಎತ್ತೋದಿಲ್ಲ, ಬೆನ್ನಿಗೆ ಕೊಡುತ್ತಾನೆ. ಅದೇ ಲೆಕ್ಕ.

ಆರು ತಿಂಗಳ ಬಂದೂಕು

ಇಷ್ಟು ಒಳ್ಳೆ ಸಾಮಾನು ಮಾಡಿದವನು ಅದನ್ನೇ ಹಿಡಿದುಕೊಂಡು ಊರೂರು ತಿರುಗಿ ಹೆಸರು ಮಾಡಬಹುದಿತ್ತು. ಮಾರೇ ಹಾಗೆ ಮಾಡಲಿಲ್ಲ. ಬಂದೂಕಿನ ಕೊರತೆಗಳು ಎಲ್ಲರಿಗಿಂತ ಮುಂಚೆ ಆತನಿಗೇ ಕಂಡವು. ಚಿತ್ರ ತೀರಾ ಚಿಕ್ಕದು, ಹೆಚ್ಚಿನವು ಬರೀ ಕಪ್ಪು ನೆರಳು. ಗಾಜಿನ ಪ್ಲೇಟಿಗೆ ತೂಕ ಇದೆ, ಓಡಿಸಿ ನಿಲ್ಲಿಸಿ ಮತ್ತೆ ಓಡಿಸುವುದಕ್ಕೆ ಒಂದು ಮಿತಿ ಇದೆ. 12ರಿಂದ ಮೇಲೆ ಹೋಗುವುದು ಕಷ್ಟ. ಹೀಗಿರಲಾಗಿ ಅದೇ 1882ರಲ್ಲೇ ಆತ ಬೇರೆ ದಾರಿ ಹಿಡಿದ. ಪ್ಲೇಟು ಅಲುಗದಂತೆ ಇಟ್ಟು, ಸೀಳಿರುವ ತಟ್ಟೆ ಮಾತ್ರ ತಿರುಗುವ ಕ್ಯಾಮೆರಾ ಮಾಡಿದ. ಕಪ್ಪು ಗೋಡೆಯ ಎದುರು ಬಿಳಿ ಬಟ್ಟೆಯ ಮನುಷ್ಯ ಓಡಿದರೆ ಅವನ ಹತ್ತಾರು ಭಂಗಿಗಳು ಒಂದೇ ಪ್ಲೇಟಿನ ಮೇಲೆ ಬೀಸಣಿಗೆಯಂತೆ ಬೀಳುತ್ತಿದ್ದವು.

ಇದಕ್ಕಾಗಿ ಪ್ಯಾರಿಸ್ಸಿನ ಅಂಚಿನಲ್ಲಿ ಸರಕಾರ ಮತ್ತು ನಗರಸಭೆಯ ನೆರವಿನಿಂದ ದೊಡ್ಡ ಬಯಲು ಪ್ರಯೋಗಶಾಲೆ ಎದ್ದಿತು. ದುಂಡನೆಯ ಓಟದ ಹಾದಿ, ಕಪ್ಪು ಮಾಡಿದ ಕೊಟ್ಟಿಗೆ, ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಕ್ಯಾಮೆರಾ ಗೂಡು. ಮಾರೇ ಚಳಿಗಾಲವಿಡೀ ನೇಪಲ್ಸಿನಲ್ಲಿದ್ದರೆ ಇಲ್ಲಿ ದುಡಿಯುತ್ತಿದ್ದವ ಸಹಾಯಕ ಜಾರ್ಜ್ ದೆಮೆನಿ. 1888ರಲ್ಲಿ ಕಾಗದದ ಸುರುಳಿ ಪಟ್ಟಿಯ ಮೇಲೆ ಸೆಕೆಂಡಿಗೆ 20 ಚಿತ್ರ ತೆಗೆದು ಮಾರೇ ಪಂಡಿತರ ಸಭೆಗೆ ತೋರಿಸಿದ. ಮುಂದೆ ಕಾಗದ ಹೋಗಿ ಸೆಲ್ಯುಲಾಯ್ಡ್ ಬಂತು. ಗಮನಿಸಿ, ಸಿನಿಮಾಕ್ಕೆ ಬೇಕಾದ ಅರ್ಧ ಸಾಮಾನು ಇಲ್ಲಿಗೆ ಸಿದ್ಧವಾಯಿತು. 1889ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಎಡಿಸನ್ ಸಾಹೇಬ ಕೂಡ ಮಾರೇಯನ್ನು ಕಂಡು ಹೋದ.

1894ರಲ್ಲಿ ಒಂದು ತಮಾಷೆ ನಡೆಯಿತು. ಬೆಕ್ಕನ್ನು ಬೆನ್ನು ಕೆಳಗೆ ಮಾಡಿ ಬಿಟ್ಟರೂ ಕಾಲ ಮೇಲೆಯೇ ಬೀಳುತ್ತದೆ. ಹಳ್ಳಿ ಮಕ್ಕಳಿಗೂ ಗೊತ್ತು. ಆದರೆ ಗಾಳಿಯಲ್ಲಿ ಒದೆಯಲು ಆಧಾರ ಇಲ್ಲದೆ ತಿರುಗುವುದು ಸಾಧ್ಯವೇ ಇಲ್ಲ, ಬಿಡುವವನ ಕೈಯನ್ನು ತಳ್ಳಿ ತಿರುಗುತ್ತಿರಬೇಕು ಎಂದು ದೊಡ್ಡ ದೊಡ್ಡ ವಿದ್ವಾಂಸರು ವಾದಿಸುತ್ತಿದ್ದರು. ಮಾರೇ ಬೀಳುವ ಬೆಕ್ಕಿನ ಸಾಲು ಚಿತ್ರ ತಂದು ಅವರ ಎದುರಿಗಿಟ್ಟ. ಬೆಕ್ಕು ಮೊದಲು ಮುಂಭಾಗವನ್ನು, ಆಮೇಲೆ ಹಿಂಭಾಗವನ್ನು ತಿರುಗಿಸಿಕೊಂಡು ತನ್ನ ಮೈಯನ್ನೇ ಆಧಾರ ಮಾಡಿಕೊಂಡಿತ್ತು. ಪಂಡಿತರು ಮತ್ತೆ ಲೆಕ್ಕ ಹಾಕಬೇಕಾಯಿತು.

ದುಡ್ಡಿನ ಮಾತು

ಇಲ್ಲಿಂದ ಕತೆ ಸ್ವಲ್ಪ ಕಹಿ. ಸಹಾಯಕ ದೆಮೆನಿಗೆ ಈ ಚಿತ್ರಗಳನ್ನು ಮತ್ತೆ ಓಡಿಸಿ ಜನರಿಗೆ ತೋರಿಸಬೇಕು, ಅದರಿಂದ ದುಡ್ಡು ಮಾಡಬೇಕು ಎಂಬ ಆಸೆ. ಮಾತಾಡುವ ಬಾಯಿಯ ಚಿತ್ರ ತೆಗೆದು, ಕಿವುಡರಿಗೆ ತುಟಿ ನೋಡಿ ಮಾತು ಹಿಡಿಯಲು ಕಲಿಸಲಿಕ್ಕಾಗಿ ಅದನ್ನು ಓಡಿಸುವ ಯಂತ್ರ ಮಾಡಿದ್ದ. 1892ರಲ್ಲಿ ಕಂಪನಿಯನ್ನೂ ಕಟ್ಟಿದ. ಮಾರೇಗೆ ಇದು ಒಗ್ಗಲಿಲ್ಲ. ಆತನ ವಾದವೇ ಬೇರೆ. ಕಣ್ಣಿಗೆ ಕಾಣುವುದನ್ನೇ ಮತ್ತೆ ಕಣ್ಣಿಗೆ ತೋರಿಸಿ ಏನು ಫಲ? ಕಣ್ಣಿಗೆ ಸಿಗದ್ದನ್ನು ತೋರಿಸಬೇಕು, ವೇಗವಾದದ್ದನ್ನು ನಿಧಾನ ಮಾಡಬೇಕು. ಜಗಳ ಬೆಳೆದು 1894ರಲ್ಲಿ ದೆಮೆನಿ ಕೆಲಸ ಬಿಡಬೇಕಾಯಿತು. ಹನ್ನೆರಡು ವರ್ಷ ಬಿಸಿಲಲ್ಲಿ ದುಡಿದವನು. ಮುಂದೆ ಆತ ತನ್ನ ಹಕ್ಕುಗಳನ್ನು ಗೋಮೊ ಎಂಬ ವ್ಯಾಪಾರಿಗೆ ಕೊಟ್ಟ.

ಅಂಗಡಿಕಾರ ಮಿತ್ರರು ಇಲ್ಲಿ ಹಣೆ ಚಚ್ಚಿಕೊಳ್ಳಬಹುದು. ಮುಂದಿನ ವರ್ಷ, 1895ರ ಡಿಸೆಂಬರ್ 28ರಂದು ಲ್ಯುಮಿಯೇರ್ ಸಹೋದರರು ಪ್ಯಾರಿಸ್ಸಿನ ಒಂದು ಹೋಟೆಲಿನ ಕೆಳಮನೆಯಲ್ಲಿ ಟಿಕೆಟ್ಟು ಇಟ್ಟು ಚಲಿಸುವ ಚಿತ್ರ ತೋರಿಸಿದರು. 1896ರ ಜುಲೈ 7ರಂದು ಅದು ಮುಂಬಯಿಯ ವಾಟ್ಸನ್ ಹೋಟೆಲಿಗೂ ಬಂತು. 1913ಕ್ಕೆ ಫಾಲ್ಕೆಯವರ ಹರಿಶ್ಚಂದ್ರ, 1934ಕ್ಕೆ ಕನ್ನಡದ ಸತಿ ಸುಲೋಚನಾ. ಕೋಟಿಗಟ್ಟಲೆ ವ್ಯಾಪಾರ. ಮಾರೇಗೆ ಇದರ ಪಾಲು ಸಿಗಲಿಲ್ಲ, ಆತ ಕೇಳಲೂ ಇಲ್ಲ. ದೆಮೆನಿ ಕೇಳಿದ, ಅವನಿಗೂ ಹೆಚ್ಚು ದಕ್ಕಲಿಲ್ಲ. ಒಬ್ಬನಿಗೆ ವಿದ್ಯೆ ಸಾಕಿತ್ತು, ಇನ್ನೊಬ್ಬನಿಗೆ ಹೊಟ್ಟೆಪಾಡೂ ಇತ್ತು. ದೊಡ್ಡವರ ನಿಸ್ಪೃಹತೆಗೆ ಕೈಕೆಳಗಿನವರು ಬೆಲೆ ತೆರುವುದು ಲೋಕದಲ್ಲಿ ಹೊಸದಲ್ಲ. ಮಾರೇಯ ಬಾಳಿನಲ್ಲಿ ಕಪ್ಪು ಚುಕ್ಕೆ ಇಡಬೇಕೆಂದರೆ ಇಲ್ಲೇ ಇಡಬೇಕು.

ಹಕ್ಕಿಯ ಲೆಕ್ಕ ಮಾತ್ರ ವ್ಯರ್ಥವಾಗಲಿಲ್ಲ. ಹಕ್ಕಿಗಳ ಹಾರಾಟದ ಬಗ್ಗೆ ಆತ ಬರೆದ ದೊಡ್ಡ ಗ್ರಂಥ 1890ರಲ್ಲಿ ಹೊರಬಂತು. 1899ರ ಮೇ ತಿಂಗಳಲ್ಲಿ ಅಮೆರಿಕದ ಒಬ್ಬ ಸೈಕಲ್ ಅಂಗಡಿಯವ, ಹಾರುವ ಯಂತ್ರದ ಬಗ್ಗೆ ತಿಳಿಯಲು ಕಾಗದಪತ್ರ ಕಳಿಸಿಕೊಡಿ ಎಂದು ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಪತ್ರ ಬರೆದ. ತನಗೆ ಮುಂಚೆಯೇ ಗೊತ್ತಿದ್ದ ಪುಸ್ತಕಗಳ ಸಾಲಿನಲ್ಲಿ ಆತ ಮಾರೇಯ ಹೆಸರನ್ನೂ ಹೇಳಿದ್ದ. ಅಂಗಡಿಯವನ ಹೆಸರು ವಿಲ್ಬರ್ ರೈಟ್. ನಾಲ್ಕು ವರ್ಷದಲ್ಲಿ ಅಣ್ಣತಮ್ಮಂದಿರ ವಿಮಾನ ಹಾರಿತು. ಮಾರೇ ಆಗ ಇನ್ನೂ ಬದುಕಿದ್ದ. ಮುದಿವಯಸ್ಸಿನಲ್ಲೂ ಕೈ ಸುಮ್ಮನಿರಲಿಲ್ಲ. ಗಾಳಿ ಹೇಗೆ ಹರಿಯುತ್ತದೆಂದು ನೋಡಲು ಗಾಜಿನ ಪೆಟ್ಟಿಗೆಯಲ್ಲಿ ಹೊಗೆಯ ಎಳೆಗಳನ್ನು ಬಿಟ್ಟು ಚಿತ್ರ ತೆಗೆಯುತ್ತಿದ್ದ. 1904ರ ಮೇ ತಿಂಗಳಲ್ಲಿ, 74ನೇ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಹೆಗಲ ಮರ ಉಳಿಯಿತು

ಮಾರೇ ಬಂದೂಕನ್ನು ಬದಿಗಿಟ್ಟರೂ ಹೆಗಲ ಮರವನ್ನು ಲೋಕ ಬಿಡಲಿಲ್ಲ. ಸೋವಿಯತ್ ದೇಶದವರು ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಸೈನ್ಯಕ್ಕಾಗಿ ಫೋಟೋ ಬಂದೂಕು ಮಾಡಿದರು. 1965ರಿಂದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಫೋಟೋಸ್ನೈಪರ್ ಅಂತ ಸಾಮಾನ್ಯ ಜನಕ್ಕೂ ಮಾರಿತು. 300 ಮಿಲಿಮೀಟರ್ ಲೆನ್ಸು, ಕೆಳಗೆ ಪಿಸ್ತೂಲಿನ ಹಿಡಿ, ಹಿಂದೆ ಹೆಗಲ ಮರ, ಎಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ. ದುಡ್ಡಿಲ್ಲದವರು ಮನೆಯಲ್ಲೇ ಮಾಡಿಕೊಂಡರು. ಹಲಗೆ ಕೊಯ್ದು, ಲೆನ್ಸಿನ ಕಾಲಿಗೆ ಬೋಲ್ಟು ಬಿಗಿದು, ಟ್ರಿಗರಿನ ಜಾಗಕ್ಕೆ ಶಟರ್ ಒತ್ತುವ ತಂತಿ ಎಳೆದು. ಇನ್ನು ಕೆಲವರದು ಸೊಂಟದ ಉಪಾಯ. ಮೆರವಣಿಗೆಯಲ್ಲಿ ದೊಡ್ಡ ಬಾವುಟ ಹಿಡಿಯುವವನ ಸೊಂಟಕ್ಕೆ ಚರ್ಮದ ಬಟ್ಟಲು ಇರುತ್ತದಲ್ಲ, ಅದೇ ತರಹ. ಅದರಲ್ಲಿ ಗಿಡ್ಡ ಕೋಲು ಊರಿ, ಕೋಲಿನ ತುದಿಗೆ ಲೆನ್ಸು. ಭಾರವೆಲ್ಲ ಸೊಂಟಕ್ಕೆ, ಕತ್ತಿಗೆ ಬಿಡುವು. ಈಗಿನ ಲೆನ್ಸುಗಳ ಒಳಗೇ ನಡುಕ ತಡೆಯುವ ಯಂತ್ರ ಬಂದಿದೆ ನಿಜ. ಆದರೆ ಅದು ನಡುಕ ತಡೆದೀತೇ ಹೊರತು ಭಾರ ಹೊರದು. ಹೆಗಲು ಇನ್ನೂ ನಮ್ಮದೇ.

ಮನೆಯಲ್ಲಿ ಮಾಡಿಸಿಕೊಳ್ಳುವವರಿಗೆ ಎರಡು ಮಾತು. ಮರ ಕೊಯ್ಸುವ ಮುಂಚೆ ನಿಮ್ಮ ಹೆಗಲಿನಿಂದ ಕಣ್ಣಿನವರೆಗಿನ ಅಳತೆ ತೆಗೆದುಕೊಳ್ಳಿ. ಬೇರೆಯವರ ಅಳತೆಯದು ನಿಮಗೆ ಕೂರದು, ಅಂಗಿ ಇದ್ದ ಹಾಗೆ. ಎರಡನೆಯದು, ಅದಕ್ಕೆ ಕಪ್ಪು ಬಣ್ಣ ಬಳಿಯಬೇಡಿ. ದೂರದಿಂದ ನೋಡಿದ ಪೊಲೀಸರಿಗಾಗಲಿ, ಅರಣ್ಯದ ಕಾವಲುಗಾರನಿಗಾಗಲಿ ಅದು ಬಂದೂಕೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿಗೆ ಬಂದೂಕು ಎತ್ತಿದವರ ಗತಿ ಏನೆಂದು ಎಲ್ಲರಿಗೂ ಗೊತ್ತು. ನೇಪಲ್ಸಿನವರು ಮಾರೇಯನ್ನು ನೋಡಿ ಬರೀ ನಕ್ಕು ಬಿಟ್ಟರು. ನಮ್ಮಲ್ಲಿ ಠಾಣೆಗೆ ಹೋಗಿ ವಿವರಿಸಬೇಕಾದೀತು.